ಅಚ್ಚಾದ ಕೋವಿ ಮದ್ದಿನ ಅಂಕಿ ಸರಿಯಿದೆಯಾ? ತಪ್ಪು ಹಿಡಿಯುವ ಬಗೆ

ಕೈಲ್‌ಪೊಳ್ದ್ (ನಮ್ಮ ಕೊಡಗಿನ ಆಯುಧಪೂಜೆ ಹಬ್ಬ) ಮುಗಿದು ಮೂರು ದಿನ ಆಗಿತ್ತು. ಪೂಜೆಗೆ ಇಟ್ಟಿದ್ದ ಕೋವಿಯ ನಳಿಗೆಯಿಂದ ಬಾಡಿದ ತೋಕ್ ಪೂ (ಕೋವಿ ಹೂವು) ತೆಗೆದು, ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಾ ಜಗಲಿಯಲ್ಲಿ ಕೂತಿದ್ದೆ. ಆಸ್ಟ್ರೇಲಿಯಾದಲ್ಲಿರುವ ತಂಗಿ ಮಗ ಫೋನಿಗೆ ಒಂದು ಫೋಟೋ ಕಳಿಸಿದ. ಕೋವಿಯ ತೋಟಕ್ಕೆ (ಕಾರ್ಟ್ರಿಜ್‌ಗೆ) ಎಷ್ಟು ಮದ್ದು ತುಂಬಬೇಕು ಅಂತ ಹೇಳುವ ಒಂದು ಪುಸ್ತಕದ ಪುಟ, ತುಂಬಾ ಅಂಕಿಗಳು. ಕೆಳಗೆ ಒಂದೇ ಸಾಲು: "ಮಾವ, ಇದು ಸರಿ ಇದ್ಯಾ, ಒಂದ್ಸಲ ನೋಡಿ. ಶನಿವಾರ ತುಂಬಬೇಕು."

ನಾನು ಸೈನ್ಯದಲ್ಲಿ ಆರ್ಮರರ್, ಅಂದರೆ ಕೋವಿಗಳ ದುರಸ್ತಿ ನೋಡಿಕೊಳ್ಳುವವನು, ಆಗಿದ್ದೆ. ಈಗ ಕಾಫಿ, ಮೆಣಸು ನೋಡಿಕೊಂಡು ಊರಲ್ಲೇ ಇದ್ದೇನೆ. ಹೊರದೇಶದಲ್ಲಿರುವ ನಮ್ಮ ಕೊಡಗಿನ ಹುಡುಗರು ಇಂಥ ಪುಟಗಳನ್ನು ಆಗಾಗ ಕಳಿಸುತ್ತಾರೆ. ಅಲ್ಲಿ ಪರವಾನಗಿ ಇದ್ದವರು ತಮ್ಮ ಖಾಲಿ ತೋಟಗಳನ್ನು ತಾವೇ ಮತ್ತೆ ತುಂಬಿಕೊಳ್ಳಬಹುದು. ಪ್ರತಿಯೊಬ್ಬನಿಗೂ ಫೋನಲ್ಲಿ ಹೇಳಿದ್ದನ್ನೇ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಊರಲ್ಲಿರುವವರು ಇದನ್ನು ಓದಿ ಮನೆಯಲ್ಲಿ ತೋಟ ತುಂಬಲು ಹೋಗಬೇಡಿ. ನಮಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ಹಿಡಿದು ಓಡಾಡಲು. ತೋಟ ತಯಾರಿಸುವುದು ಬೇರೆ ವಿಷಯ. ಅದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪ್ರತ್ಯೇಕ ಪರವಾನಗಿ ಬೇಕು. ಆದರೆ ಅಂಕಿ ಓದುವ ಅಭ್ಯಾಸ ಊರಲ್ಲಿರುವವರಿಗೂ ಬೇಕು. ಅಂಗಡಿಯಿಂದ ತಂದ ತೋಟದ ಡಬ್ಬದ ಮೇಲೂ ಅಂಕಿಗಳೇ ಇರುವುದು. ಅದಕ್ಕೆ ಆಮೇಲೆ ಬರುತ್ತೇನೆ.

ಮಾತುಗಳನ್ನು ಸ್ವಲ್ಪ ಬಿಡಿಸಿಡುತ್ತೇನೆ. ನಾವು ಎಲ್ಲಕ್ಕೂ "ಗುಂಡು" ಅಂತ ಹೇಳಿಬಿಡುತ್ತೇವೆ, ಅಲ್ವಾ? ಇಲ್ಲಿ ಗುಂಡು ಅಂದರೆ ನಳಿಗೆಯಿಂದ ಹಾರಿ ಹೋಗುವ ಸೀಸ ಮಾತ್ರ. ಹಿತ್ತಾಳೆ ಕೇಸು, ಅದರ ಬುಡದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ನಾಲ್ಕೂ ಸೇರಿದರೆ ತೋಟ.

ಫೋಟೋದಲ್ಲಿ ನನಗೆ ಚುಚ್ಚಿದ್ದು ವೇಗ

ಅವನದು .45-70 ಲಿವರ್ ರೈಫಲ್, ಕೆಳಗಿನ ಸನ್ನೆ ಎಳೆದು ತೋಟ ಏರಿಸುವಂಥದ್ದು. ಕಾಡುಹಂದಿ ಹೊಡೆಯಲು ಇಟ್ಟುಕೊಂಡಿದ್ದಾನೆ. ಈ ತೋಟ ಅಮೆರಿಕದ ಸೈನ್ಯಕ್ಕೆ ಬಂದದ್ದು 1873ರಲ್ಲಿ. ಹೆಸರಲ್ಲೇ ಅದರ ಕಥೆ ಇದೆ. ಸುಮಾರು 0.45 ಇಂಚು ದಪ್ಪದ ಗುಂಡು, 70 ಗ್ರೇನ್ ಕರಿಮದ್ದು, ಅಂದರೆ ಹೊಗೆ ಬರುವ ಹಳೇ ಮದ್ದು. ಅಂದಿನ ಗುಂಡಿನ ತೂಕ 405 ಗ್ರೇನ್. ಗ್ರೇನ್ ಅಂದರೆ ಎಷ್ಟು ಅಂತ ನಮ್ಮವರಿಗೆ ಹೇಳುವುದು ಸುಲಭ. ಒಂದು ತೊಲ ಅಂದರೆ 180 ಗ್ರೇನ್. ಹಾಗಾಗಿ ಆ ಗುಂಡು ಎರಡೂಕಾಲು ತೊಲ ಸೀಸ. ಅದು ನಳಿಗೆಯಿಂದ ಸೆಕೆಂಡಿಗೆ ಸುಮಾರು 1,300 ಅಡಿ ವೇಗದಲ್ಲಿ ಹೊರಡುತ್ತಿತ್ತು.

ಅವನು ಕಳಿಸಿದ ಪುಟದಲ್ಲಿ ಅದೇ ತೂಕದ ಗುಂಡಿಗೆ ವೇಗ 2,000 ಅಡಿ ಹತ್ತಿರ ಇತ್ತು.

ಮದ್ದಿನ ಅಂಕಿ ನೋಡಿ ನನಗೆ ಏನೂ ಗೊತ್ತಾಗಲಿಲ್ಲ. ಮದ್ದಿನ ಅಂಕಿ ಒಂದನ್ನೇ ನೋಡಿ ಯಾರಿಗೂ ಗೊತ್ತಾಗುವುದಿಲ್ಲ. ಅದು ಒಂಟಿಯಾಗಿ ನಿಂತಾಗ ಸರಿ ಅಂಕಿಯೂ ತಪ್ಪು ಅಂಕಿಯೂ ಒಂದೇ ಥರ ಕಾಣುತ್ತವೆ. ಅದರ ಪಕ್ಕದಲ್ಲಿರುವ ಅಂಕಿಗಳನ್ನು ಕೇಳಬೇಕು. ಗುಂಡಿನ ತೂಕ ಏನು, ವೇಗ ಏನು, ಒತ್ತಡ ಏನು, ಮೇಲಿನ ಸಾಲು ಏನು ಹೇಳುತ್ತದೆ, ಕೆಳಗಿನದು ಏನು ಹೇಳುತ್ತದೆ. ನಾನು ತಪ್ಪು ಹುಡುಕುವುದು ಹೀಗೆಯೇ.

"ಪುಟದ ಮೇಲಿನ ಭಾಗ ಎಲ್ಲಿ?" ಅಂತ ಕೇಳಿದೆ.

"ಅಲ್ಲಿ ಏನೂ ಇರಲಿಲ್ಲ ಮಾವ, ಹೆಸರು ಮಾತ್ರ. ಅಂಕಿ ದೊಡ್ಡದಾಗಿ ಕಾಣಲಿ ಅಂತ ಕತ್ತರಿಸಿದೆ."

"ಆ ಹೆಸರೇ ನನಗೆ ಬೇಕಾದ್ದು. ಪೂರ್ತಿ ಪುಟ ಕಳಿಸು. ಹಿಂದಿನ ಪುಟ, ಮುಂದಿನ ಪುಟ, ಪುಸ್ತಕದ ಮುಖಪುಟ, ಎಲ್ಲ ಕಳಿಸು."

ಕತ್ತರಿಸಿ ಹೋದ ತಲೆಬರಹ

.45-70ಗೆ ಹಲವು ಪುಸ್ತಕಗಳಲ್ಲಿ ಒಂದಲ್ಲ, ಮೂರು ಪಟ್ಟಿಗಳಿರುತ್ತವೆ. ಮೊದಲನೆಯದು 1873ರ ಹಳೇ ಸ್ಪ್ರಿಂಗ್‌ಫೀಲ್ಡ್ ಟ್ರ್ಯಾಪ್‌ಡೋರ್ ಮತ್ತು ಅದರಂಥ ದುರ್ಬಲ ಕೋವಿಗಳಿಗೆ. ಎರಡನೆಯದು ಮಾರ್ಲಿನ್ 1895ರಂಥ ಲಿವರ್ ರೈಫಲ್‌ಗಳಿಗೆ. ಮೂರನೆಯದು ರೂಗರ್ ನಂಬರ್ 1ರಂಥ ಗಟ್ಟಿಮುಟ್ಟಾದ ಒಂಟಿ ತೋಟದ ರೈಫಲ್‌ಗೆ. ತೋಟದ ಹೆಸರು ಮೂರಕ್ಕೂ ಒಂದೇ. ಕೇಸು ಒಂದೇ, ಗುಂಡೂ ಒಂದೇ ಇರಬಹುದು. ತಾಳುವ ಶಕ್ತಿ ಮಾತ್ರ ಒಂದೇ ಅಲ್ಲ. ತೋಟಗಳ ಅಳತೆ, ಒತ್ತಡ ನಿಗದಿ ಮಾಡುವ ಅಮೆರಿಕದ ಸಾಮಿ ಸಂಸ್ಥೆ ಈ ತೋಟಕ್ಕೆ ಹಾಕಿರುವ ಒತ್ತಡದ ಮಿತಿ 28,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಮೂರನೇ ಪಟ್ಟಿ ಅದನ್ನು ಎಷ್ಟೋ ಮೀರಿ ಹೋಗುತ್ತದೆ. ಗೊತ್ತಿದ್ದೇ, ಆ ಒಂದು ಬಗೆಯ ರೈಫಲ್‌ಗೆ ಅಂತಲೇ ಹಾಗೆ ಕೊಟ್ಟಿರುತ್ತಾರೆ.

ಪೂರ್ತಿ ಪುಟ ಬಂತು. ಅವನು ಕಳಿಸಿದ್ದು ಮೂರನೇ ಪಟ್ಟಿ. ಅವನ ಕೈಯಲ್ಲಿದ್ದದ್ದು ಲಿವರ್ ರೈಫಲ್.

ಪುಸ್ತಕದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ನೋಡಿ. ಅಚ್ಚಾದದ್ದೆಲ್ಲ ಸರಿಯಾಗಿತ್ತು. ಪುಟದಿಂದ ಫೋನಿಗೆ, ಫೋನಿಂದ ನೋಟ್‌ಬುಕ್ಕಿಗೆ ಬರುವ ದಾರಿಯಲ್ಲಿ ತಲೆಬರಹ ಬಿದ್ದುಹೋಯಿತು. ನಾನು ನೋಡಿರುವ ಅಪಾಯಗಳಲ್ಲಿ ಜಾಸ್ತಿ ಈ ಜಾತಿಯವೇ. ಅಚ್ಚುತಪ್ಪಿಗಿಂತ ನಕಲು ತಪ್ಪು ಜಾಸ್ತಿ. ರಿವಾಲ್ವರಿನ ತೋಟ .45 ಕೋಲ್ಟ್‌ನದೂ ಇದೇ ಕಥೆ. ಅದೂ 1873ರದ್ದು, ಅದರ ಮಿತಿ 14,000 ಪಿಎಸ್‌ಐ. ಪುಸ್ತಕಗಳಲ್ಲಿ ಪಕ್ಕದಲ್ಲೇ "ರೂಗರ್‌ಗೆ ಮಾತ್ರ" ಎಂಬ ಪಟ್ಟಿ ಇರುತ್ತದೆ. "ಮಾತ್ರ" ಎಂಬ ಆ ಮಾತು ಫೋಟೋದ ಅಂಚಿನಲ್ಲಿ ಕತ್ತರಿಸಿ ಹೋದರೆ ಹಳೇ ರಿವಾಲ್ವರ್ ಸಿಡಿಯಬಹುದು.

ಹಾಗಾಗಿ ಯಾವುದೇ ಅಂಕಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಅಂಕಿಯನ್ನಲ್ಲ. ಯಾವ ಪುಸ್ತಕ, ಯಾವ ಆವೃತ್ತಿ, ಯಾವ ಬಗೆಯ ಕೋವಿಗೆ, ನಳಿಗೆ ಎಷ್ಟು ಉದ್ದ, ಯಾವ ಕೇಸು, ಯಾವ ಪ್ರೈಮರ್, ಗುಂಡು ಯಾರದು, ತೋಟದ ಪೂರ್ತಿ ಉದ್ದ ಎಷ್ಟು. ಗುಂಡನ್ನು ಕೇಸಿನೊಳಗೆ ಜಾಸ್ತಿ ಇಳಿಸಿದರೆ ಮದ್ದಿಗೆ ಜಾಗ ಕಡಿಮೆಯಾಗುತ್ತದೆ. ಆಗ ಒತ್ತಡ ಏರುತ್ತದೆ. ಪಿಸ್ತೂಲಿನ ಚಿಕ್ಕ ತೋಟಗಳಲ್ಲಿ ಇದು ಬೇಗ ಏರುತ್ತದೆ. ಇದರಲ್ಲಿ ಒಂದು ವಿವರ ಇಲ್ಲದಿದ್ದರೂ ಆ ಸಾಲು ಅರ್ಧ ಸಾಲು. ಅರ್ಧ ಸಾಲಿನಿಂದ ತೋಟ ತುಂಬಬಾರದು.

ಸಾಲುಗಳನ್ನು ಒಂದಕ್ಕೊಂದು ಹೋಲಿಸುವುದು

ತಲೆಬರಹ ಸರಿ ಇದ್ದರೆ ಆಮೇಲೆ ಪಟ್ಟಿಯೊಳಗೆ ಇಳಿಯಬೇಕು. ಒಂದು ಉದಾಹರಣೆ ಕೊಡುತ್ತೇನೆ. ಇವು ಕಲಿಯಲು ನಾನೇ ಹಾಕಿದ ಅಂಕಿಗಳು, ಯಾವ ತೋಟಕ್ಕೂ ಸೇರಿದವಲ್ಲ. ಒಂದೇ ಮದ್ದಿಗೆ ಪಟ್ಟಿ ಹೀಗಿದೆ ಅಂದುಕೊಳ್ಳಿ. 150 ಗ್ರೇನ್ ಗುಂಡಿಗೆ ಗರಿಷ್ಠ 48 ಗ್ರೇನ್ ಮದ್ದು, ವೇಗ 2,800 ಅಡಿ. 165ರ ಗುಂಡಿಗೆ 51, ವೇಗ 2,650. 180ರ ಗುಂಡಿಗೆ 44, ವೇಗ 2,520.

ಎಲ್ಲಿ ಎಡವಿತು? ಗುಂಡು ಭಾರವಾದಂತೆ ಅದೇ ಮದ್ದಿನ ಗರಿಷ್ಠ ಪ್ರಮಾಣ ಸಾಮಾನ್ಯವಾಗಿ ಇಳಿಯಬೇಕು. ಭಾರದ ಗುಂಡು ನಿಧಾನವಾಗಿ ಕದಲುತ್ತದೆ, ಅನಿಲಕ್ಕೆ ಹಿಗ್ಗಲು ಜಾಗ ತಡವಾಗಿ ಸಿಗುತ್ತದೆ, ಒತ್ತಡ ಬೇಗ ಏರುತ್ತದೆ. ಇಲ್ಲಿ ನಡುವಿನ ಸಾಲು ಮಾತ್ರ ಮೇಲೆ ಹಾರಿದೆ. ವೇಗ ನೋಡಿದರೆ ಅದು ನೀಟಾಗಿ ಇಳಿದಿದೆ. ಅಂದರೆ ವೇಗದ ಸಾಲು ಸರಿ ಇರಬಹುದು, ಮದ್ದಿನ ಸಾಲಿನಲ್ಲಿ ಏನೋ ಆಗಿದೆ.

ಇದೇ ರೀತಿ ಆರಂಭದ ಅಂಕಿಯನ್ನೂ ಗರಿಷ್ಠ ಅಂಕಿಯನ್ನೂ ಹೋಲಿಸಿ. ಸಾಮಾನ್ಯವಾಗಿ ಆರಂಭದ ಪ್ರಮಾಣ ಗರಿಷ್ಠಕ್ಕಿಂತ ಶೇ. 10ರ ಆಸುಪಾಸು ಕಡಿಮೆ ಇರುತ್ತದೆ. ಎರಡೂ ಒಂದೇ ಆಗಿದ್ದರೆ, ಅಥವಾ ನಡುವೆ ದೊಡ್ಡ ಕಂದಕ ಇದ್ದರೆ ನಿಲ್ಲಿ. ಆದರೆ ಇದಕ್ಕೊಂದು ಅಪವಾದ ಇದೆ, ಅದನ್ನು ತಿಳಿಯದೆ "ಎಲ್ಲಕ್ಕೂ ಶೇ. 10 ಇಳಿಸಿಬಿಡಿ" ಅಂತ ಸಲಹೆ ಕೊಡುವವರು ಇದ್ದಾರೆ. ಎಚ್110 ಮತ್ತು ಡಬ್ಲ್ಯೂ296 ಎಂಬ ಮದ್ದುಗಳನ್ನು ಶೇ. 3ಕ್ಕಿಂತ ಜಾಸ್ತಿ ಇಳಿಸಬೇಡಿ ಎಂದು ಅವುಗಳ ತಯಾರಕರೇ ಎಚ್ಚರಿಸುತ್ತಾರೆ. ಜಾಸ್ತಿ ಇಳಿಸಿದರೆ ಅದು ಸರಿಯಾಗಿ ಹೊತ್ತುವುದಿಲ್ಲ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ಮುಗಿಯಿತು. ಕಡಿಮೆ ಮದ್ದು ಯಾವಾಗಲೂ ಸುರಕ್ಷಿತ ಅನ್ನುವುದು ತಪ್ಪು ತಿಳುವಳಿಕೆ.

ಕೇಸಿನೊಳಗೆ ಹಿಡಿಸುತ್ತದೆಯೇ ಅನ್ನುವುದನ್ನೂ ನೋಡಬೇಕು. .308 ವಿಂಚೆಸ್ಟರ್ ಕೇಸು ಬಾಯಿತನಕ ತುಂಬಿದರೆ ಸುಮಾರು 56 ಗ್ರೇನ್ ನೀರು ಹಿಡಿಯುತ್ತದೆ. ಅದಕ್ಕೆ 64 ಗ್ರೇನ್ ಮದ್ದು ಅಂತ ಬರೆದಿದ್ದರೆ ಅದು ಅಚ್ಚುತಪ್ಪು ಅಥವಾ ಬೇರೆ ತೋಟದ ಸಾಲು. ಹಿಡಿಸದ ತಪ್ಪಿಗೆ ನಾನು ಹೆದರುವುದಿಲ್ಲ, ಅದು ತಾನೇ ಸಿಕ್ಕಿಬೀಳುತ್ತದೆ. ಹೆದರಿಕೆ ಇರುವುದು ಹಿಡಿಸುವ ತಪ್ಪಿಗೆ. .38 ಸ್ಪೆಷಲ್‌ನಂಥ ಹಳೇ ಕೇಸುಗಳು ಕರಿಮದ್ದಿನ ಕಾಲದ ಅಳತೆಯವು, ಒಳಗೆ ತುಂಬಾ ಜಾಗ. ಬೇಗ ಉರಿಯುವ ಈಗಿನ ಮದ್ದು ಅದರ ತಳದಲ್ಲಿ ಚೂರು ಕಾಣುತ್ತದೆ. 3.5 ಇರಬೇಕಾದಲ್ಲಿ 5.3 ಬಿದ್ದರೂ, ಎರಡು ಸಲ ಸುರಿದರೂ ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಗ್ರೇನ್, ಗ್ರಾಮ್, ಚುಕ್ಕಿ, ಅಲ್ಪವಿರಾಮ

1 ಗ್ರಾಮ್ ಅಂದರೆ 15.43 ಗ್ರೇನ್. ಇದನ್ನು ಗೋಡೆಯ ಮೇಲೆ ಬರೆದಿಡಿ. ಯುರೋಪಿನ ಪಟ್ಟಿಗಳಲ್ಲಿ, ಫಿನ್‌ಲ್ಯಾಂಡಿನ ವಿಹ್ತಾವುವೊರಿಯಂಥವುಗಳಲ್ಲಿ, ಎರಡೂ ಅಂಕಿಗಳನ್ನು ಕೊಡುತ್ತಾರೆ. ಇದು ನಮಗೆ ಸಿಕ್ಕ ಭಾಗ್ಯ. ಗುಣಿಸಿ ನೋಡಿದರೆ ಸಾಕು. 2.95 ಗ್ರಾಮ್ ಅಂದರೆ 45.5 ಗ್ರೇನ್. ಪಕ್ಕದಲ್ಲಿ 54.5 ಅಂತ ಇದ್ದರೆ ಯಾವುದೋ ಒಂದು ತಿರುವುಮುರುವಾಗಿದೆ. ವೇಗಕ್ಕೂ ಹಾಗೇ. ಮೀಟರನ್ನು 3.281ರಿಂದ ಗುಣಿಸಿದರೆ ಅಡಿ ಬರುತ್ತದೆ. 820 ಮೀಟರ್ ಅಂದರೆ 2,690 ಅಡಿ. ಹತ್ತು ಸಾಲು ಗುಣಿಸಲು ಐದು ನಿಮಿಷ ಸಾಕು, ಪೆನ್ನು ಕಾಗದ ಇದ್ದರೆ ಆಯಿತು.

ಯುರೋಪಿನ ಹಲವು ಕಡೆ ದಶಾಂಶಕ್ಕೆ ಚುಕ್ಕಿ ಅಲ್ಲ, ಅಲ್ಪವಿರಾಮ ಹಾಕುತ್ತಾರೆ. 2,95 ಅಂತ ಬರೆಯುತ್ತಾರೆ. ಅದನ್ನು ಕಂಪ್ಯೂಟರ್ ಪಟ್ಟಿಗೆ ಇಳಿಸುವಾಗ ಅಲ್ಪವಿರಾಮ ಮಾಯವಾಗಬಹುದು. ಹಳೇ ಪುಸ್ತಕವನ್ನು ಸ್ಕ್ಯಾನ್ ಮಾಡಿ ಅಕ್ಷರಕ್ಕೆ ಇಳಿಸಿದ್ದರೆ 3 ಇದ್ದದ್ದು 8 ಆಗುತ್ತದೆ, 1 ಇದ್ದದ್ದು 7 ಆಗುತ್ತದೆ. ಮಸುಕಾದ ಚುಕ್ಕಿಯಂತೂ ಕಾಣುವುದೇ ಇಲ್ಲ. ಹಾಗಾಗಿ ಸ್ಕ್ಯಾನ್ ಆದ ಪಟ್ಟಿಗಿಂತ ಅಚ್ಚಾದ ಪುಟವನ್ನೇ ನೋಡಿ.

ತಕ್ಕಡಿಯೂ ಇದರಲ್ಲಿ ಸೇರಿದೆ. ಡಿಜಿಟಲ್ ತಕ್ಕಡಿಯಲ್ಲಿ ಒಂದು ಗುಂಡಿ ಒತ್ತಿದರೆ ಗ್ರೇನ್ ಹೋಗಿ ಗ್ರಾಮ್, ಗ್ರಾಮ್ ಹೋಗಿ ಕ್ಯಾರೆಟ್ ಬರುತ್ತದೆ. ಪ್ರತಿ ಸಲ ಕೂರುವಾಗ ತೂಕದ ಬಟ್ಟು ಇಟ್ಟು ಪರೀಕ್ಷಿಸಿ, ಏಳುವಾಗ ಇನ್ನೊಮ್ಮೆ ಇಡಿ.

ಕಾಫಿ ತೋಟಕ್ಕೆ ಮದ್ದು ಹೊಡೆಯುವವರಿಗೆ ಇದು ಹೊಸದಲ್ಲ. ಒಂದು ಲೀಟರಿಗೆ ಇಷ್ಟು ಎಂಎಲ್ ಅನ್ನುವುದನ್ನು ಒಂದು ಬ್ಯಾರೆಲ್‌ಗೆ ಅಂತ ಓದಿಕೊಂಡರೆ ಏನಾಗುತ್ತದೆ ನಮಗೆ ಗೊತ್ತು. ಆದರೆ ಸುಟ್ಟ ಕಾಫಿ ಎಲೆ ಮುಂದಿನ ಮಳೆಗೆ ಚಿಗುರುತ್ತದೆ. ಕೈಬೆರಳು ಚಿಗುರುವುದಿಲ್ಲ.

ಒತ್ತಡದ ಮಾನದಲ್ಲೂ ಒಂದು ಹೊಂಡ ಇದೆ. ಹಿಂದೆ ತಾಮ್ರದ ಚಿಕ್ಕ ತುಂಡು ಎಷ್ಟು ಜಜ್ಜಿತು ಅಂತ ನೋಡಿ ಒತ್ತಡ ಅಳೆಯುತ್ತಿದ್ದರು. ಅದರ ಮಾನ ಸಿಯುಪಿ. ಈಗ ವಿದ್ಯುತ್ ಸಂವೇದಕದಿಂದ ಅಳೆದು ಪಿಎಸ್‌ಐನಲ್ಲಿ ಕೊಡುತ್ತಾರೆ. .308ರ ಮಿತಿ 52,000 ಸಿಯುಪಿ, ಅಥವಾ 62,000 ಪಿಎಸ್‌ಐ. ಎರಡೂ ಒಂದೇ ಮಿತಿ, ಅಂಕಿ ಬೇರೆ. ಹಳೇ ಪುಸ್ತಕಗಳಲ್ಲಿ ತಾಮ್ರದಿಂದ ಅಳೆದದ್ದನ್ನೂ ಪಿಎಸ್‌ಐ ಅಂತಲೇ ಅಚ್ಚು ಹಾಕಿರುವುದುಂಟು. ಅದನ್ನು ಇಂದಿನ ಮಿತಿಗೆ ಹೋಲಿಸಿ "ಇನ್ನೂ 10,000 ಜಾಗ ಇದೆ" ಅಂತ ಅಂದುಕೊಂಡರೆ, ಇಲ್ಲದ ಜಾಗವನ್ನು ತುಂಬಲು ಹೊರಟಂತೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಖಚಿತ ಸೂತ್ರವೂ ಇಲ್ಲ.

ಮದ್ದಿನ ಹೆಸರಿನ ಮುಂದಿನ ಅಕ್ಷರ

ತಂಗಿ ಮಗನ ನೋಟ್‌ಬುಕ್ ಫೋಟೋ ಕೂಡ ತರಿಸಿಕೊಂಡೆ. ಅದರಲ್ಲಿ ಮದ್ದಿನ ಹೆಸರು ಬರೀ "4198" ಅಂತ ಇತ್ತು.

ಎಚ್4198 ಬೇರೆ, ಐಎಂಆರ್ 4198 ಬೇರೆ. ಹಾಗೇ ಎಚ್4350, ಐಎಂಆರ್ 4350, ಆಕ್ಯುರೇಟ್ 4350 ಮೂರೂ ಬೇರೆ ಬೇರೆ. ಅಂಕಿ ಒಂದೇ, ಉರಿಯುವ ವೇಗ ಒಂದೇ ಅಲ್ಲ. ಒಂದರ ಪಟ್ಟಿಯನ್ನು ಇನ್ನೊಂದಕ್ಕೆ ಹಾಕಬಾರದು. ಆಸ್ಟ್ರೇಲಿಯಾದಲ್ಲಿ ಇನ್ನೊಂದು ಸುತ್ತು ಇದೆ. ಅಲ್ಲಿ ನ್ಯೂ ಸೌತ್ ವೇಲ್ಸ್‌ನ ಮುಲ್ವಾಲಾದಲ್ಲಿ ತಯಾರಾಗುವ ಮದ್ದು ಅಲ್ಲಿ ಎಡಿಐ ಹೆಸರಲ್ಲಿ ಮಾರಾಟವಾಗುತ್ತದೆ. ಅದೇ ಅಮೆರಿಕದಲ್ಲಿ ಹಾಡ್ಜ್‌ಡನ್ ಹೆಸರಲ್ಲಿ ಸಿಗುತ್ತದೆ. ಅವನ ಡಬ್ಬದ ಮೇಲೆ ಎಆರ್2207 ಅಂತ ಇತ್ತು, ಅದು ಎಚ್4198. ಎಆರ್2209 ಅಂದರೆ ಎಚ್4350. ಎಆರ್2208 ಅಂದರೆ ವಾರ್ಗೆಟ್. ಎಆರ್2206ಎಚ್ ಅಂದರೆ ಎಚ್4895. ಇಲ್ಲಿ ಕೊನೆಯ ಅಕ್ಷರ ಬಿಟ್ಟು ಎಆರ್2206 ಅಂತ ಓದಿದರೆ ಅದು ಬೇರೆಯದೇ ಮದ್ದು.

ಅಂಕಿ ನೆನಪಿಟ್ಟು ಅಕ್ಷರ ಬಿಡುವುದು ನಮ್ಮ ಅಭ್ಯಾಸ. ಇಲ್ಲಿ ಹೆಸರು ಅಕ್ಷರದಲ್ಲೇ ಇದೆ. ಡಬ್ಬ, ಪುಟ, ನೋಟ್‌ಬುಕ್ ಮೂರನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಬೆರಳಿಟ್ಟು ಓದಿ. ಮದ್ದುಗಳನ್ನು ಉರಿಯುವ ವೇಗದ ಕ್ರಮದಲ್ಲಿ ಜೋಡಿಸಿದ ಪಟ್ಟಿಗಳೂ ಸಿಗುತ್ತವೆ. ಅದು ಯಾವುದು ಬೇಗ, ಯಾವುದು ನಿಧಾನ ಅಂತ ಅಂದಾಜು ಕೊಡಲು. ಪಕ್ಕಪಕ್ಕದಲ್ಲಿವೆ ಅಂತ ಒಂದರ ಬದಲು ಇನ್ನೊಂದು ಹಾಕಲು ಅಲ್ಲ.

"ಪ್ರೈಮರ್ ನೋಡಿ ನಿಲ್ಲಿಸ್ತೇನೆ"

ಇಷ್ಟೆಲ್ಲ ಹೇಳಿದ ಮೇಲೆ ಅವನು ಹೇಳಿದ್ದು ಇದು. "ಮಾವ, ಮೊದಲು ಎರಡು ಹೊಡೆದು ನೋಡ್ತೇನೆ. ಪ್ರೈಮರ್ ಚಪ್ಪಟೆ ಆದ್ರೆ ನಿಲ್ಲಿಸ್ತೇನೆ."

ಈ ಮಾತು ಕೇಳಿದಾಗ ನನಗೆ ನಿಜವಾಗಿಯೂ ಭಯ ಆಯಿತು. ಅವನೊಬ್ಬನೇ ಅಲ್ಲ, ಅನುಭವ ಇರುವವರೂ ಹೀಗೇ ನಂಬಿದ್ದಾರೆ.

ಪ್ರೈಮರ್ ಚಪ್ಪಟೆಯಾಗುವುದು, ಕೇಸಿನ ಬುಡದಲ್ಲಿ ಹೊಳೆಯುವ ಗುರುತು ಬೀಳುವುದು, ಬೋಲ್ಟ್ ಎತ್ತಲು ಬಿಗಿಯಾಗುವುದು, ಇವೆಲ್ಲ ನಿಜವಾದ ಲಕ್ಷಣಗಳೇ. ಆದರೆ ಅವು 60,000 ಪಿಎಸ್‌ಐ ಸುತ್ತಮುತ್ತ ಕೆಲಸ ಮಾಡುವ ಬೋಲ್ಟ್ ರೈಫಲ್‌ನ ಲಕ್ಷಣಗಳು. ಅಲ್ಲಿ ಕೂಡ ಕಾಣಿಸುವಷ್ಟರಲ್ಲಿ ಮಿತಿ ದಾಟಿರುವುದೇ ಹೆಚ್ಚು. 28,000ದ ಮಿತಿ ಇರುವ ತೋಟದಲ್ಲಿ ಪ್ರೈಮರ್ ಚಪ್ಪಟೆಯಾಗುವ ಹೊತ್ತಿಗೆ ಆ ರೈಫಲ್ ಎಷ್ಟೋ ಮುಂಚೆಯೇ ತನ್ನ ಗಡಿ ದಾಟಿರುತ್ತದೆ. ಪ್ರೈಮರ್‌ಗೆ ಏನೂ ಆಗಿಲ್ಲ ಅನ್ನುವುದು ಅಲ್ಲಿ ಯಾವ ಸಾಕ್ಷಿಯೂ ಅಲ್ಲ. ಸೀಸದ ಚರೆ ಹಾರಿಸುವ ಹನ್ನೆರಡು ಬೋರಿನ ತೋಟವಂತೂ ಏನನ್ನೂ ತೋರಿಸುವುದಿಲ್ಲ. ಸುಮ್ನೆ ಇರುತ್ತದೆ, ಒಂದು ದಿನ ನಳಿಗೆ ಸೀಳುತ್ತದೆ.

ಅದಕ್ಕಿಂತ ವೇಗ ಅಳೆಯುವ ಕ್ರೋನೋಗ್ರಾಫ್ ಉತ್ತಮ ಸಾಕ್ಷಿ. ಪುಸ್ತಕದಲ್ಲಿ ಗರಿಷ್ಠ ಪ್ರಮಾಣಕ್ಕೆ ಕೊಟ್ಟ ವೇಗವನ್ನು ನಿಮ್ಮ ತೋಟ ಮೀರಿದರೆ, ಆ ವೇಗ ಪುಕ್ಕಟೆ ಬಂದದ್ದಲ್ಲ. ಒತ್ತಡವೂ ಮೀರಿದೆ ಅಂತಲೇ ತಿಳಿಯಬೇಕು. ನಳಿಗೆಯ ಉದ್ದವನ್ನೂ ಲೆಕ್ಕಕ್ಕೆ ತನ್ನಿ. ಪುಸ್ತಕದವರು 24 ಇಂಚು ನಳಿಗೆಯಲ್ಲಿ ಅಳೆದಿದ್ದು, ನಿಮ್ಮದು 18 ಇಂಚು ಇದ್ದರೆ, ನಿಮಗೆ ಅದಕ್ಕಿಂತ ಕಡಿಮೆ ವೇಗ ಬರಬೇಕು. ಸಮ ಬಂದರೂ ನೀವು ಆಗಲೇ ಜಾಸ್ತಿ ಹಾಕಿದ್ದೀರಿ.

ಊರಿನ ಹನ್ನೆರಡು ಬೋರಿಗೆ ಬಂದರೆ

ನಮ್ಮ ಅಣ್ಣನ ಮನೆಯಲ್ಲಿ ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಗೆ ಕೋವಿ ಇತ್ತು. ತೆಂಗಿನಕಾಯಿ ಹೊಡೆಯುವ ಸ್ಪರ್ಧೆಗೆ ಅದನ್ನೇ ಒಯ್ಯುತ್ತಿದ್ದ. ಒಂದು ವರ್ಷ ಅಂಗಡಿಯಲ್ಲಿ ಹೊಸ ತೋಟ ಕೊಟ್ಟರು. ಇವನು ಕೇಳಲಿಲ್ಲ, ಅವರು ಹೇಳಲಿಲ್ಲ. ತೋಟ ಸಲೀಸಾಗಿ ಒಳಗೆ ಕೂತಿತು. ಎರಡು ಮೂರು ವರ್ಷದಲ್ಲಿ ಕೋವಿಯ ಕೀಲು ಸಡಿಲವಾಯಿತು. ನಳಿಗೆ ಅಲುಗಾಡತೊಡಗಿತು. ನಾನು ರಜೆಗೆ ಬಂದಾಗ ಬಿಚ್ಚಿ ನೋಡಿದೆ. ನಳಿಗೆಯ ತಳದಲ್ಲಿ ಎರಡೂವರೆ ಇಂಚು ಅಂತ ಮುದ್ರೆ ಇತ್ತು, ಅಂದರೆ 65 ಮಿಲಿಮೀಟರ್. ಡಬ್ಬದ ಮೇಲೆ 70 ಅಂತ ಇತ್ತು.

ಇದು ಹೇಗೆ ಕೂತಿತು ಅಂತ ಎಲ್ಲರೂ ಕೇಳುತ್ತಾರೆ. ಹನ್ನೆರಡು ಬೋರಿನ ತೋಟದ ಮೇಲೆ ಬರೆದಿರುವುದು ಹೊಡೆದ ಮೇಲಿನ ಉದ್ದ. ಬಾಯಿ ನಕ್ಷತ್ರದಂತೆ ಮಡಚಿದ 70ರ ಹೊಸ ತೋಟ ಅಳೆದರೆ ಸುಮಾರು 58 ಮಿಲಿಮೀಟರ್ ಮಾತ್ರ. ಹಾಗಾಗಿ 65ರ ಕೋಣೆಯಲ್ಲಿ (ನಳಿಗೆಯಲ್ಲಿ ತೋಟ ಕೂರುವ ಜಾಗ) ಆರಾಮಾಗಿ ಕೂರುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿ ಮುಂದೆ ಚಾಚಲು ಜಾಗ ಇಲ್ಲ. ನಳಿಗೆ ಕಿರಿದಾಗುವ ಜಾಗದಲ್ಲೇ ಅದು ಸಿಕ್ಕಿ ಚರೆಯ ದಾರಿ ಬಿಗಿಯುತ್ತದೆ. ಒತ್ತಡ ಏರುತ್ತದೆ. "ಒಳಗೆ ಕೂತಿತು" ಅನ್ನುವುದು ಸರಿಹೊಂದಿತು ಅನ್ನುವುದಕ್ಕೆ ಸಾಕ್ಷಿಯಲ್ಲ.

ಹಳೇ ಬರ್ಮಿಂಗ್‌ಹ್ಯಾಮ್ ಕೋವಿಗಳ ಮೇಲೆ "3 ಟನ್" ಎಂಬ ಮುದ್ರೆಯೂ ಇರಬಹುದು, ಚದರ ಇಂಚಿಗೆ ಅಂತ. ಅದನ್ನು ಇವತ್ತಿನ ಯುರೋಪಿನ 740 ಬಾರ್ ಮಿತಿಯ ಜೊತೆ ಗುಣಿಸಿ ಭಾಗಿಸಿ ಹೋಲಿಸಬೇಡಿ. ಅಳೆದ ಬಗೆಯೇ ಬೇರೆ. ಮುದ್ರೆ ಇರುವ ಕೋವಿಯನ್ನು ತಿಳಿದವರಿಗೆ ತೋರಿಸಿ, ಕೋಣೆಯ ಉದ್ದ ಅಳೆಸಿ, ಅದೇ ಅಳತೆಯ ತೋಟ ಕೇಳಿ ತನ್ನಿ.

ಇನ್ನು ಡ್ರಾಮ್ ಎಂಬ ಹಳೇ ತೂಕ. ಅಮೆರಿಕದ ಡಬ್ಬಗಳ ಮೇಲೆ "3 ಡ್ರಾಮ್ ಸಮ" ಅಂತ ಇರುತ್ತದೆ. ಒಳಗೆ 3 ಡ್ರಾಮ್ ಮದ್ದು ಇದೆ ಅಂತ ಅದರ ಅರ್ಥ ಅಲ್ಲವೇ ಅಲ್ಲ. 3 ಡ್ರಾಮ್ ಕರಿಮದ್ದು ಚರೆಗೆ ಎಷ್ಟು ವೇಗ ಕೊಡುತ್ತಿತ್ತೋ ಅಷ್ಟು ವೇಗ ಇದೆ ಅಂತ. 3 ಡ್ರಾಮ್ ಅಂದರೆ 82 ಗ್ರೇನ್. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗೆ ಅಜ್ಜ ಬಳಸುತ್ತಿದ್ದ ಮದ್ದಿನ ಅಳತೆ ಕೆಲವರ ಮನೆಯ ಅಟ್ಟದಲ್ಲಿ ಇನ್ನೂ ಇದೆ. ಅದು ಕರಿಮದ್ದಿನ ಅಳತೆ. ಹೊಗೆ ಇಲ್ಲದ ಈಗಿನ ಮದ್ದನ್ನು ಆ ಅಳತೆಯಲ್ಲಿ ಅಥವಾ ಆ ತೂಕದಲ್ಲಿ ಹಾಕಿದರೆ ಕೋವಿಯೂ ಉಳಿಯುವುದಿಲ್ಲ, ಹಿಡಿದವನೂ ಉಳಿಯುವುದು ಕಷ್ಟ. .45-70ರ ಹೆಸರಿನಲ್ಲಿರುವ 70 ಕೂಡ ಇದೇ ಹೊಂಡ.

ತಪ್ಪು ಸಿಕ್ಕಿದ ಮೇಲೆ

ಎರಡು ಪುಸ್ತಕ ತೆರೆದರೆ ಎರಡು ಅಂಕಿ ಸಿಗುತ್ತದೆ. ಅದು ತಪ್ಪೇ ಆಗಬೇಕಿಲ್ಲ. ನಳಿಗೆ ಬೇರೆ, ಕೇಸು ಬೇರೆ, ಮದ್ದಿನ ಬ್ಯಾಚ್ ಬೇರೆ, ಪ್ರೈಮರ್ ಬೇರೆ. ಸ್ವಲ್ಪ ಹೆಚ್ಚುಕಡಿಮೆ ಸಹಜ, ಆಗ ಕಡಿಮೆ ಇರುವುದರಿಂದ ಶುರು ಮಾಡಿ. ಆದರೆ ಒಂದು ಪುಸ್ತಕದ ಆರಂಭದ ಅಂಕಿಯೇ ಇನ್ನೊಂದರ ಗರಿಷ್ಠವನ್ನು ದಾಟಿದ್ದರೆ ಅಲ್ಲಿ ಏನೋ ಕೆಟ್ಟಿದೆ. ಆ ಎರಡು ಮೂಲಗಳೂ ಒಂದರಿಂದ ಒಂದು ನಕಲಾಗಿರಬಾರದು ಅನ್ನುವುದೂ ಮುಖ್ಯ. ಮದ್ದು ತಯಾರಿಸುವವರದ್ದು ಒಂದು, ಗುಂಡು ತಯಾರಿಸುವವರದ್ದು ಒಂದು, ಹೀಗೆ ಇಟ್ಟುಕೊಂಡರೆ ಒಳ್ಳೆಯದು. ಹತ್ತು ಜನ ಹೇಳುವ ಒಂದೇ ಅಂಕಿ ಹತ್ತು ಸಾಕ್ಷಿಯಲ್ಲ, ಎಲ್ಲರೂ ಒಂದೇ ಪುಟ ನೋಡಿರಬಹುದು.

ಈಗ ಮೇಲೆ ಕೊಟ್ಟ ಪಟ್ಟಿಗೆ ಹಿಂದಿರುಗಿ. 48, 51, 44. ನಿಮ್ಮ ಮನಸ್ಸು ಆಗಲೇ 51ನ್ನು ಅಳಿಸಿ 46 ಅಂತ ಬರೆದಿರಬಹುದು. ದಯವಿಟ್ಟು ಬರೆಯಬೇಡಿ. ಅದು 45 ಇರಬಹುದು. ಆ ಸಾಲು ಬೇರೆ ಮದ್ದಿನದ್ದೇ ಇರಬಹುದು. ಮೇಲಿನ 48 ಕೂಡ ತಪ್ಪಿರಬಹುದು. ತಪ್ಪು ಇದೆ ಅಂತ ಹೇಳುವಷ್ಟು ಮಾಹಿತಿ ನಮ್ಮ ಕೈಯಲ್ಲಿದೆ, ಸರಿ ಯಾವುದು ಅಂತ ಹೇಳುವಷ್ಟು ಇಲ್ಲ. ಸೈನ್ಯದಲ್ಲಿ ನಾನು ಕಲಿತದ್ದರಲ್ಲಿ ಇದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಸಂಶಯ ಬಂದ ಸಾಲನ್ನು ತಿದ್ದಬೇಡಿ, ಹೊಡೆದುಹಾಕಿ. ಆ ಪುಟದ ಫೋಟೋ ತೆಗೆದು, ಆವೃತ್ತಿ ಬರೆದು, ಪ್ರಕಾಶಕರಿಗೆ ಕಳಿಸಿ. ತಿದ್ದುಪಡಿ ಬಂದಿದೆಯೇ ಕೇಳಿ. ಉತ್ತರ ಬರುವವರೆಗೆ ಬೇರೆ ಗುಂಡು, ಬೇರೆ ಸಾಲು ಹುಡುಕಿ.

ಶನಿವಾರ ತಂಗಿ ಮಗ ಮತ್ತೆ ಫೋನ್ ಮಾಡಿದ. ದನಿ ಸಣ್ಣದಾಗಿತ್ತು. ನನಗೆ ಕೇಳುವ ಮೊದಲೇ ಇಪ್ಪತ್ತು ತೋಟ ತುಂಬಿಟ್ಟಿದ್ದನಂತೆ, ಹೇಳಲು ನಾಚಿಕೆಯಾಗಿ ಬಚ್ಚಿಟ್ಟಿದ್ದ. ನಾನು ಬಯ್ಯಲಿಲ್ಲ. ಗುಂಡು ಕೀಳುವ ಸಾಧನ ಅವನಲ್ಲಿತ್ತು. ಒಂದೊಂದಾಗಿ ಬಿಚ್ಚಲು ಹೇಳಿದೆ. ಮದ್ದನ್ನು ಡಬ್ಬಕ್ಕೆ ಹಿಂದೆ ಸುರಿಯಬೇಡ, ಯಾವುದು ಅಂತ ಚೀಟಿ ಅಂಟಿಸಿ ಬೇರೆ ಇಡು ಅಂದೆ. ಅವನು ಬಿಚ್ಚುತ್ತಾ ಎಣಿಸಿದ, ನಾನು ಈ ಕಡೆಯಿಂದ ಎಣಿಸಿದೆ. ಇಪ್ಪತ್ತು ಆಗುವವರೆಗೂ ಇಬ್ಬರೂ ಫೋನ್ ಇಡಲಿಲ್ಲ.

ಸಂಜೆ ಅವನ ನೋಟ್‌ಬುಕ್ಕಿನ ಹೊಸ ಪುಟದ ಫೋಟೋ ಬಂತು. ಅಂಕಿಯ ಜಾಗ ಇನ್ನೂ ಖಾಲಿ ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ ಪುಸ್ತಕದ ಹೆಸರು, ಆವೃತ್ತಿ, ಪುಟ ಸಂಖ್ಯೆ, ಎಆರ್2207, ಮತ್ತೆ ಕೆಂಪು ಶಾಯಿಯಲ್ಲಿ "ಲಿವರ್ ರೈಫಲ್ ಪಟ್ಟಿ ಮಾತ್ರ" ಅಂತ ಬರೆದಿದ್ದ.